ಮಕ್ಕಳ ಒಣದ್ರಾಕ್ಷಿ ಇನ್ನು ಮುಂದೆ ಕಂದು ಬಣ್ಣದ್ದು: ಗ್ರಾಹಕರಿಗೆ ಪತ್ರ

ವಿಜಯಪುರ

ಗ್ರಾಹಕ ಬಂಧುಗಳಿಗೆ ಶರಣು.

ಈ ಹಂಗಾಮಿನ ಮಾಲಿನಿಂದ ನಮ್ಮ ಸಂಘದ ‘ಮಕ್ಕಳ ಒಣದ್ರಾಕ್ಷಿ’ ಪ್ಯಾಕಿನಲ್ಲಿ ಹಳದಿ-ಹಸಿರು ಮನೂಕ ಸಿಗುವುದಿಲ್ಲ. ಒಳಗಿರುವುದು ಕಂದು ಬಣ್ಣದ್ದು, ಕೆಲವು ಕಾಳು ಹೆಚ್ಚುಕಡಿಮೆ ಕಪ್ಪು, ಸಿಪ್ಪೆ ಸುಕ್ಕುಗಟ್ಟಿ ಬಿರುಸು. ಹಳೆ ಮಾಲು ಕೊಟ್ಟಿದ್ದಾರೆ ಎಂದು ವಾಪಸು ತರುವ ಮೊದಲು ಇದನ್ನು ಓದಿ. ಪ್ಯಾಕಿನ ತೂಕ 250 ಗ್ರಾಂನಿಂದ 200 ಗ್ರಾಂಗೆ ಇಳಿದಿದೆ, ಬೆಲೆ ಮೊದಲಿನಷ್ಟೇ ಇದೆ. ಕಿಲೋ ಲೆಕ್ಕದಲ್ಲಿ ಕಾಲುಭಾಗ ತುಟ್ಟಿಯಾಯಿತು ಎಂದೇ ಅರ್ಥ.

ಹಸಿ ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳ್ಳನೆಯ ಮೇಣ ಇರುತ್ತದೆ. ಅದು ಒಳಗಿನ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಶೆಡ್ಡುಗಳಲ್ಲಿ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಕೆಲವು ನಿಮಿಷ ಅದ್ದಿ, ನೆರಳಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರವುತ್ತಾರೆ. ಎರಡು ವಾರದೊಳಗೆ ಒಣಗುತ್ತದೆ. ಬಳಿಕ ಹಳದಿ ಬಣ್ಣ ನಿಲ್ಲಲೆಂದು ಮುಚ್ಚಿದ ಕೋಣೆಯಲ್ಲಿ ಗಂಧಕದ ಹೊಗೆ ಕೊಡುವ ರೂಢಿ. ಕೊಯ್ದ ಸೇಬು ಕಂದಾಗುತ್ತದಲ್ಲ, ದ್ರಾಕ್ಷಿಯಲ್ಲೂ ನಡೆಯುವ ಅದೇ ಕ್ರಿಯೆಯನ್ನು ಈ ಹೊಗೆ ತಡೆಯುತ್ತದೆ. ಅದರ ಒಂದಿಷ್ಟು ಅಂಶ ಕಾಳಿನಲ್ಲಿ ಉಳಿಯುತ್ತದೆ. ಲೇಬಲ್ ಮೇಲೆ ‘ಐಎನ್‌ಎಸ್ 220’ ಅಥವಾ ‘ಸಲ್ಫೈಟ್’ ಎಂದಿದ್ದರೆ ಇದೇ. ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಲೇಬಲ್ ಮೇಲೆ ಹೇಳಲೇಬೇಕೆಂದು ನಿಯಮವಿದೆ. ಮಿತಿಯೊಳಗೆ ಬಳಸಲು ಕಾನೂನಿನ ಒಪ್ಪಿಗೆ ಇದೆ, ದೊಡ್ಡವರ ಪ್ಯಾಕಿನಲ್ಲಿ ಅದು ಮುಂದುವರಿಯುತ್ತದೆ. ಆದರೆ ಉಬ್ಬಸ ಇರುವ ಕೆಲವು ಮಕ್ಕಳಿಗೆ ಸಲ್ಫೈಟಿನಿಂದ ಉಸಿರು ಕಟ್ಟುತ್ತದೆ. ಬರೀ ಬಣ್ಣಕ್ಕಾಗಿ ಅದನ್ನು ಮಕ್ಕಳ ಪ್ಯಾಕಿನಲ್ಲಿ ಇಡಲು ನಮಗೆ ಕಾರಣ ಕಾಣಲಿಲ್ಲ.

ಹೊಸ ಮಾಲಿಗೆ ಅದ್ದುವುದೂ ಇಲ್ಲ, ಹೊಗೆಯೂ ಇಲ್ಲ. ಒಣಗಲು ಮೂರರಿಂದ ನಾಲ್ಕು ವಾರ ಬೇಕು. ಒಂದು ಕಿಲೋ ಮನೂಕಕ್ಕೆ ಸುಮಾರು ನಾಲ್ಕು ಕಿಲೋ ಹಣ್ಣು ಬೇಕಾಗುವುದು ಎರಡಕ್ಕೂ ಒಂದೇ. ಆದರೆ ಅಷ್ಟು ದಿನ ಶೆಡ್ಡು ಹಿಡಿದಿಡಬೇಕು, ನಡುವೆ ಏಪ್ರಿಲ್ ತಿಂಗಳ ಅಡ್ಡಮಳೆ ಹೊಡೆದರೆ ಹಣ್ಣು ಹುಳಿ ಹಿಡಿದು ಹೋಗುತ್ತದೆ. ಬೆಲೆ ಏರಿದ್ದು ಇಲ್ಲಿ.

‘ಸಾವಯವ’ ಎಂಬ ಮಾತಿನ ಬಗ್ಗೆಯೂ ಹೇಳಬೇಕು. ದ್ರಾಕ್ಷಿ ಬಹುವಾರ್ಷಿಕ ಬೆಳೆ. ತೋಟ ಸಾವಯವಕ್ಕೆ ಬದಲಾಗಲು ಮೂರು ವರ್ಷ ಹಿಡಿಯುತ್ತದೆ. ನಮ್ಮ ಕೆಲವು ಸದಸ್ಯರ ತೋಟಗಳು ಇನ್ನೂ ಆ ಅವಧಿಯಲ್ಲಿವೆ. ಆ ಮಾಲಿನ ಪ್ಯಾಕಿನ ಮೇಲೆ ಇನ್ನು ‘ಸಾವಯವ’ ಎಂದು ಅಚ್ಚಾಗುವುದಿಲ್ಲ, ‘ಪರಿವರ್ತನೆಯಲ್ಲಿರುವ ತೋಟ’ ಎಂದಷ್ಟೇ ಇರುತ್ತದೆ. ಬೇರೆ ಕಡೆ ಕೊಳ್ಳುವಾಗಲೂ ಹಸಿರು ಚಿತ್ರ, ‘ನೈಸರ್ಗಿಕ’, ‘ಫಾರ್ಮ್ ಫ್ರೆಶ್’ ಎಂಬ ಮಾತುಗಳನ್ನು ನಂಬದೆ ‘ಜೈವಿಕ್ ಭಾರತ್’ನಂಥ ಸರ್ಕಾರದ ಸಾವಯವ ಗುರುತು ಹುಡುಕಿ. ರೈತರ ಗುಂಪುಗಳೇ ಪರಸ್ಪರ ತೋಟ ನೋಡಿ ದೃಢೀಕರಿಸುವ ಪದ್ಧತಿಗೆ ಪಿಜಿಎಸ್ ಎನ್ನುತ್ತಾರೆ. ಅದರಲ್ಲಿ ‘ಪಿಜಿಎಸ್-ಇಂಡಿಯಾ ಗ್ರೀನ್’ ಎಂದರೆ ಪರಿವರ್ತನೆಯ ಹಂತ, ‘ಪಿಜಿಎಸ್-ಇಂಡಿಯಾ ಆರ್ಗ್ಯಾನಿಕ್’ ಎಂದರೆ ಪೂರ್ಣಗೊಂಡದ್ದು.

ಎಲ್ಲವನ್ನೂ ಸಾವಯವವೇ ಕೊಳ್ಳಲು ಹೆಚ್ಚಿನ ಮನೆಗಳಿಗೆ ಆಗುವುದಿಲ್ಲ. ನಮ್ಮ ಸಲಹೆ ಕೇಳಿದರೆ, ಸಿಪ್ಪೆ ಸಮೇತ ತಿನ್ನುವುದಕ್ಕೆ ಮೊದಲು ಹಣ ಹಾಕಿ: ದ್ರಾಕ್ಷಿ, ಪೇರಲ. ಭೂರಿ (ಬೂದಿ ರೋಗ) ಮತ್ತು ಡೌನಿ ಎಂಬ ಶಿಲೀಂಧ್ರ ರೋಗಗಳಿಗೆ ದ್ರಾಕ್ಷಿ ಎಷ್ಟು ಸಲ ಔಷಧಿ ಹೊಡೆಸಿಕೊಳ್ಳುತ್ತದೆ ಎಂಬುದು ಈ ಭಾಗದವರಿಗೆ ಗೊತ್ತಿದ್ದದ್ದೇ. ಹರಿಯುವ ನೀರಿನಲ್ಲಿ ತಿಕ್ಕಿ ತೊಳೆದರೆ ಮೇಲಿನದು ಒಂದಷ್ಟು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಬಾಳೆ, ದಾಳಿಂಬೆಗಳ ಸಿಪ್ಪೆ ತೆಗೆಯುತ್ತೀರಲ್ಲ, ಅವು ಸಂತೆಯವಾದರೂ ನಡೆಯುತ್ತದೆ.

ಇನ್ನು ಅಡುಗೆಮನೆಯ ವಿಚಾರ. ಹೊಸ ಕಾಳಿನ ಸಿಪ್ಪೆ ಗಟ್ಟಿ. ಮೊದಲಿನಂತೆ ಒಂದು ತಾಸು ನೆನೆಸಿ ರುಬ್ಬಿದರೆ ಚೂರು ಚೂರು ಉಳಿದು ಮಗುವಿನ ಗಂಟಲಿಗೆ ತಾಗುತ್ತದೆ. 50 ಗ್ರಾಂ ಮನೂಕವನ್ನು ಎರಡು ಸಲ ತೊಳೆದು, ಕಾಯಿಸಿ ಉಗುರುಬೆಚ್ಚಗೆ ಆರಿಸಿದ 120 ಮಿಲಿ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೇಸಿಗೆಯಾದರೆ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಿ, ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿವಾಸನೆ ಬರುತ್ತದೆ. ಅದೇ ನೀರಿನೊಂದಿಗೆ ನುಣ್ಣಗೆ ರುಬ್ಬಿ. ವರ್ಷದೊಳಗಿನ ಮಗುವಿಗೆ ಜರಡಿ ಹಿಡಿಯಲೇಬೇಕು. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ.

ಈ ಗೊಜ್ಜು ಸಕ್ಕರೆಯ ಜಾಗ ತುಂಬುತ್ತದೆ. ಶ್ರೀಖಂಡಕ್ಕೆ ಅರ್ಧ ಲೀಟರ್ ಹುಳಿಯಿಲ್ಲದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೇ ನಾಲ್ಕೈದು ತಾಸು ಸೋರಲು ಬಿಡಿ. ಬಂದ ಚಕ್ಕವನ್ನು ಪೂರಣಯಂತ್ರದಲ್ಲಿ ಒಮ್ಮೆ ತಿರುವಿ, ಮೂರು ಚಮಚ ಗೊಜ್ಜು, ಒಂದು ಪೂರ್ತಿ ಮಾಗಿದ ಚಿಕ್ಕುವಿನ ತಿರುಳು ಸೇರಿಸಿ. ಚಿಕ್ಕು ಸ್ವಲ್ಪ ಕಾಯಿಯಿದ್ದರೂ ಒಗರು ನಾಲಿಗೆಗೆ ಅಂಟುತ್ತದೆ, ಯಾವ ಸಿಹಿಯೂ ಅದನ್ನು ಮುಚ್ಚುವುದಿಲ್ಲ. ಪಪ್ಪಾಯಿ ಹಾಕಬೇಡಿ, ಅದರ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ದಾಳಿಂಬೆ ಬೇಕಾದರೆ ಕಾಳನ್ನು ಮಿಕ್ಸಿಯಲ್ಲಿ ಎರಡೇ ಸಲ ತಿರುಗಿಸಿ ಸೋಸಿ, ಬೀಜ ಪುಡಿಯಾದರೆ ರಸ ಕಹಿಯಾಗುತ್ತದೆ. ಬಾಳೆಹಣ್ಣಿನ ಶಿಕರಣಿ ಕಪ್ಪಾಗದಿರಲು ನಾಲ್ಕು ಹನಿ ಲಿಂಬೆರಸ ಸಾಕು.

ಗೋಧಿ ಹುಗ್ಗಿಗೆ ಬೆಲ್ಲದ ಬದಲು ಹಾಕುವುದಾದರೆ ಬೆಂದ ಗೋಧಿ ಉಗುರುಬೆಚ್ಚಗಾದ ಮೇಲೆ ಗೊಜ್ಜು ಕಲಸಿ, ಆಮೇಲೆ ಆರಿದ ಹಾಲು ಸೇರಿಸಿ. ದ್ರಾಕ್ಷಿಯಲ್ಲಿ ಹುಳಿ ಇದೆ, ಕುದಿಯುವ ಹಾಲಿಗೆ ಬಿದ್ದರೆ ಬೆಲ್ಲದಂತೆಯೇ ಒಡೆಸುತ್ತದೆ.

ಮಹಾಲಿಂಗಪುರದ ಬೆಲ್ಲ ಎಷ್ಟೇ ಒಳ್ಳೆಯದಿರಲಿ, ಸಾವಯವವೇ ಇರಲಿ, ಎರಡು ವರ್ಷದವರೆಗೆ ಮಗುವಿಗೆ ಬೇಡ. ಸಕ್ಕರೆಗೂ ಇದೇ ಮಾತು. ಜೇನುತುಪ್ಪವನ್ನು ವರ್ಷದೊಳಗೆ ನಾಲಿಗೆಗೆ ಸವರುವುದೂ ಅಪಾಯ, ಅದರಲ್ಲಿ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಮನೂಕದ ತೂಕದಲ್ಲೂ ಅರ್ಧಕ್ಕಿಂತ ಹೆಚ್ಚು ಹಣ್ಣಿನ ಸಕ್ಕರೆಯೇ, ಹಲ್ಲಿಗೆ ಅಂಟುತ್ತದೆ. ದಿನಕ್ಕೆ ಎರಡು ಚಮಚ ಗೊಜ್ಜು ಸಾಕು. ಇಡೀ ಮನೂಕ, ಇಡೀ ಹಸಿ ದ್ರಾಕ್ಷಿಯನ್ನು ನಾಲ್ಕು ವರ್ಷದೊಳಗಿನವರ ಕೈಗೆ ಕೊಡಬೇಡಿ. ಹಸಿ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡ ಕೊಯ್ದರೆ ಆ ದುಂಡು ತುಂಡೇ ಗಂಟಲಿಗೆ ಬಿರಡೆಯಾಗುತ್ತದೆ.

ಹಣ್ಣಿನ ತಿರುಳು ಒಣಗಿಸಿ ಮಾಡುವ ನಮ್ಮ ಚಿಕ್ಕು-ಬಾಳೆ ಪಟ್ಟಿಯಲ್ಲೂ ಸಕ್ಕರೆ ತೆಗೆದಿದ್ದೇವೆ. ಹಾಗಾಗಿ ಆರು ತಿಂಗಳ ಬಾಳಿಕೆ ಎರಡು ತಿಂಗಳಿಗೆ ಇಳಿದಿದೆ, ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ.

ಮನೂಕದ ಡಬ್ಬಿಯಲ್ಲಿ ಕೆಲ ತಿಂಗಳ ನಂತರ ಬಿಳಿ ಹರಳು ಕಂಡರೆ ನಾಲ್ಕು ಕಾಳು ಬಿಸಿನೀರಿಗೆ ಹಾಕಿ ನೋಡಿ. ಕರಗಿದರೆ ಅದು ದ್ರಾಕ್ಷಿಯದೇ ಸಕ್ಕರೆ, ಬಳಸಿ. ಹತ್ತಿಯಂತೆ ನವಿರಾಗಿದ್ದು ಮುಗ್ಗಲು ವಾಸನೆ ಬಂದರೆ ಬೂಸ್ಟು. ಮೇಲಿನದಷ್ಟೇ ತೆಗೆದು ಉಳಿದದ್ದನ್ನು ಇಟ್ಟುಕೊಳ್ಳದೆ ಇಡೀ ಪ್ಯಾಕ್ ನಮಗೆ ತಂದುಕೊಡಿ, ಬದಲಿಸಿಕೊಡುತ್ತೇವೆ. ಹಳೆಯ ಹಳದಿ ಪ್ಯಾಕ್ ಒಡೆಯದೆ ಉಳಿದಿದ್ದರೆ ಅದನ್ನೂ ತನ್ನಿ. ಒಡೆದಿದ್ದರೆ ದೊಡ್ಡವರ ಪಾಯಸಕ್ಕಾಗುತ್ತದೆ.

ಇಂತಿ,
ದ್ರಾಕ್ಷಿ ಬೆಳೆಗಾರರ ಸಂಘದ ಮಾರಾಟ ವಿಭಾಗ