ರೇಡಾರ್ ಕೋಣೆಯಿಂದ ಊರಿಗೆ ಬಂದ ಮೇಲೆ ಒಂದಿಷ್ಟು ಥ್ಯಾಂಕ್ಸ್

ಹೋದ ತಿಂಗಳು ವಾಯುಪಡೆಯಿಂದ ನಿವೃತ್ತನಾಗಿ ಅರಸೀಕೆರೆ ಪಕ್ಕದ ನಮ್ಮೂರಿಗೆ ಬಂದಿದ್ದೇನೆ. ಫೋನ್ ಮಾಡಿದವರಿಗೆ, ಮನೆಗೆ ಬಂದು ಶಾಲು ಹೊದಿಸಿದವರಿಗೆ ಮೊದಲು ನಮಸ್ಕಾರ. ಆದರೆ ಸನ್ಮಾನದ ದಿನ ಒಬ್ಬರು ಮೈಕಿನಲ್ಲಿ ನನ್ನನ್ನು "ಫೈಟರ್ ವಿಮಾನ ಹಾರಿಸಿದವರು" ಅಂದುಬಿಟ್ಟರು. ಅಯ್ಯೋ, ನಾನು ಹಾರಿಸಿದವನಲ್ಲ ಸ್ವಾಮಿ. ಏರ್‌ಮನ್, ಅಂದರೆ ಆಫೀಸರ್ ಅಲ್ಲದ ಸಿಬ್ಬಂದಿಯಾಗಿ ಸೇರಿ, ನೆಲದ ಮೇಲೆ ರೇಡಾರ್ ಪರದೆ ಮುಂದೆ ಕೂತು ಸರ್ವಿಸ್ ಮುಗಿಸಿದವನು. ಯಾರಿಗೆ ಏನು ಸಲ್ಲಬೇಕೋ ಅದನ್ನು ಸರಿಯಾಗಿ ಹೇಳಿಬಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಗುರುತು ಹೇಳದ ವಿಮಾನವೊಂದು ನಮ್ಮ ಗಡಿಯೊಳಗೆ ಬಂತು ಅನ್ನಿ. ಫೈಟರ್ ಎದ್ದು ಹೋಗಿ ಅದನ್ನು ತಡೆಯಬೇಕು. ಇದಕ್ಕೆ ಇಂಟರ್‌ಸೆಪ್ಷನ್ ಅನ್ನುತ್ತಾರೆ. ಯುದ್ಧ ಬಂದ ದಿನ ಕಲಿಯೋಕೆ ಆಗಲ್ಲ, ಅಲ್ವಾ? ಅದಕ್ಕೇ ಅಭ್ಯಾಸ. ನಮ್ಮದೇ ಒಂದು ವಿಮಾನ ಟಾರ್ಗೆಟ್ ಆಗುತ್ತದೆ, ಇನ್ನೊಂದು ಅದನ್ನು ಹುಡುಕಿಕೊಂಡು ಹೋಗುತ್ತದೆ. ಎಷ್ಟು ಡಿಗ್ರಿಗೆ ತಿರುಗಬೇಕು, ಎಷ್ಟು ದೂರ ಉಳಿದಿದೆ, ಟಾರ್ಗೆಟ್ ಎಷ್ಟು ಎತ್ತರದಲ್ಲಿದೆ ಅಂತ ಕೆಳಗಿಂದ ಫೈಟರ್ ಕಂಟ್ರೋಲರ್ ಹೇಳುತ್ತಾ ಹೋಗುತ್ತಾರೆ. ಕಣ್ಣಿಗೆ ಬೀಳುವ ತನಕ ಎರಡನ್ನೂ ಬೇರೆ ಬೇರೆ ಎತ್ತರದಲ್ಲಿ ಇಡುತ್ತಾರೆ. ಕಂಡ ಮೇಲೆ ಪೈಲಟ್ "ಟ್ಯಾಲಿ" ಅನ್ನುತ್ತಾರೆ. ಅಲ್ಲಿಂದಾಚೆಗೆ ಅವರ ಕಣ್ಣೇ ಆಧಾರ.

ಗಂಟೆಗೆ 900 ಕಿ.ಮೀ. ವೇಗದ ಎರಡು ವಿಮಾನ ಎದುರುಬದುರು ಬಂದರೆ ನಡುವಿನ ದೂರ ಸೆಕೆಂಡಿಗೆ ಅರ್ಧ ಕಿಲೋಮೀಟರ್ ಕಡಿಮೆಯಾಗುತ್ತದೆ. ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಎಲ್ಲ ಆಗಿಹೋಗಿರುತ್ತದೆ. ಹಾಗಾಗಿ ನನ್ನ ಮೊದಲ ಥ್ಯಾಂಕ್ಸ್ ನಮ್ಮ ಯೂನಿಟ್ಟಿನ ಒಬ್ಬ ಕಂಟ್ರೋಲರ್ ಮೇಡಂಗೆ. ನಾನಿನ್ನೂ ಹೊಸಬ. "ಅನುಮಾನ ಬಂತಾ, ಬಾಯಿಬಿಟ್ಟು ಹೇಳು. ನನ್ನ ರ‍್ಯಾಂಕ್ ನೋಡ್ತಾ ಕೂರಬೇಡ" ಅಂದಿದ್ದರು. "ನಾಕ್ ಇಟ್ ಆಫ್" ಅಂತ ರೇಡಿಯೋದಲ್ಲಿ ಕೇಳಿದ ಕೂಡಲೇ ಅಭ್ಯಾಸ ನಿಲ್ಲಲೇಬೇಕು, ವಾದ ಆಮೇಲೆ, ಹಾರಾಟ ಮುಗಿದು ಎಲ್ಲರೂ ಕೂತು ಮಾತಾಡುವ ಡಿಬ್ರೀಫಿಂಗ್‌ನಲ್ಲಿ. ಸುಮ್ನೆ ನಿಲ್ಲಿಸಿದೆಯಲ್ಲ ಅಂತ ಅವರು ಯಾರನ್ನೂ ಬೈದದ್ದು ನಾನು ನೋಡಿಲ್ಲ.

ಎರಡನೆಯದು, ಟಾರ್ಗೆಟ್ ಆಗಿ ಹಾರುವವರಿಗೆ. ಇವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. 2014ರ ಜೂನ್ 23ರಂದು ಜರ್ಮನಿಯ ಓಲ್ಸ್‌ಬರ್ಗ್ ಹತ್ತಿರ ಇಂಥದ್ದೇ ಅಭ್ಯಾಸ ನಡೆದಿತ್ತು. ಲಿಯರ್‌ಜೆಟ್ ಅನ್ನುವ ಸಣ್ಣ ಜೆಟ್ ವಿಮಾನ ಟಾರ್ಗೆಟ್ ಆಗಿತ್ತು. ಜರ್ಮನ್ ವಾಯುಪಡೆಯ ಎರಡು ಯೂರೋಫೈಟರ್‌ಗಳು ಅದನ್ನು ತಡೆಯಲು ಹೋಗಿದ್ದವು. ಅದರಲ್ಲಿ ಒಂದಕ್ಕೂ ಲಿಯರ್‌ಜೆಟ್‌ಗೂ ಡಿಕ್ಕಿಯಾಯಿತು. ಏಟು ತಿಂದ ಯೂರೋಫೈಟರ್ ಹೇಗೋ ನೋರ್ವೆನಿಕ್ ನೆಲೆಗೆ ವಾಪಸ್ ಬಂದು ಇಳಿಯಿತು. ಲಿಯರ್‌ಜೆಟ್ ಎಲ್ಪೆ ಅನ್ನುವ ಹಳ್ಳಿಯ ಅಂಚಿನಲ್ಲಿ ಬಿತ್ತು, ಒಳಗಿದ್ದ ಇಬ್ಬರೂ ತೀರಿಕೊಂಡರು. ಅದೇನು ಗಿರಕಿ ಹೊಡೆಯುವ ಕಾಳಗವಲ್ಲ. ದಾರಿ ತಪ್ಪಿದ ನಾಗರಿಕ ವಿಮಾನದ ಪಕ್ಕಕ್ಕೆ ಹೋಗಿ ಅದನ್ನು ಗುರುತಿಸುವ ಅಭ್ಯಾಸ. ಎದುರುಬದುರು ಬರುವಾಗ ಎಲ್ಲರೂ ಎಚ್ಚರ ಇರುತ್ತಾರೆ. ಪಕ್ಕಪಕ್ಕ ಹಾರುವಾಗಿನ ಅಪಾಯವೇ ಜಾಸ್ತಿ ಅಂತ ನನಗೆ ಅನ್ನಿಸುವುದು ಅದಕ್ಕೇ.

ಇನ್ನು ನಮ್ಮದೇ ದುಃಖ. 2023ರ ಜನವರಿ 28. ಗ್ವಾಲಿಯರ್‌ನಿಂದ ತರಬೇತಿಗೆ ಎದ್ದ ಸುಖೋಯ್-30 ಮತ್ತು ಮಿರಾಜ್-2000 ಮಧ್ಯಪ್ರದೇಶದ ಮೊರೆನಾ ಕಡೆ ಪತನವಾದವು. ಸುಖೋಯ್‌ನ ಇಬ್ಬರು ಪೈಲಟ್‌ಗಳು ಹೊರಚಿಮ್ಮಿ ಉಳಿದರು. ಮಿರಾಜ್‌ನಲ್ಲಿದ್ದ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಉಳಿಯಲಿಲ್ಲ. ಬೆಳಗಾವಿಯ ಗಣೇಶಪುರದವರು. ನಾನು ಅವರನ್ನು ನೋಡಿದವನಲ್ಲ. ಆದರೆ ಮಾರನೇ ದಿನ ಅವರ ಪಾರ್ಥಿವ ಶರೀರ ಹೊತ್ತ ವಿಮಾನ ಬಂದಿಳಿದದ್ದು ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿ. ನಾನು ಹದಿಹರೆಯದಲ್ಲಿ ಟ್ರಂಕು ಹೊತ್ತು ಹೋಗಿ ಇಳಿದದ್ದೂ ಅಲ್ಲಿಗೇ, ಏರ್‌ಮನ್ ಟ್ರೈನಿಂಗ್ ಸ್ಕೂಲಿಗೆ. ಡ್ರಿಲ್ ಮಾಡಿ ಅಂಗಾಲು ಸವೆಸಿದ ಜಾಗ. ಅವತ್ತು ಟಿವಿ ನೋಡುವಾಗ ನನಗೆ ಮಾತೇ ಹೊರಡಲಿಲ್ಲ. ಕೊನೆಯ ನಮಸ್ಕಾರಕ್ಕೆ ಬಂದು ನಿಂತ ಬೆಳಗಾವಿಯ ಜನರಿಗೆ, ಯೂನಿಫಾರ್ಮ್ ಹಾಕಿದ್ದ ಒಬ್ಬ ಕನ್ನಡಿಗನಾಗಿ ನಾನು ಋಣಿ.

ಮೊರೆನಾ ಜಿಲ್ಲೆಯ ಪಹಾಡ್‌ಗಢ ಕಡೆಯ ಹಳ್ಳಿಯವರಿಗೂ ನಾನು ಋಣಿ. ಆಕಾಶದಿಂದ ಬೆಂಕಿ ಬಿದ್ದರೆ ಓಡಿಹೋಗುವುದು ಸಹಜ. ಆದರೆ ಅವರು ಪ್ಯಾರಾಚೂಟ್‌ನಲ್ಲಿ ಇಳಿದು ಗಾಯಗೊಂಡು ಬಿದ್ದಿದ್ದ ಪೈಲಟ್‌ಗಳ ಹತ್ತಿರ ಬಂದರು.

ಆ ಇಬ್ಬರು ಬದುಕಿದ್ದರ ಹಿಂದೆ ಇನ್ನೂ ಕೆಲವರಿದ್ದಾರೆ. ಎಜೆಕ್ಷನ್ ಸೀಟು ಅಂದರೆ ಪೈಲಟ್ ಹ್ಯಾಂಡಲ್ ಎಳೆದ ಕೂಡಲೇ ಮೇಲಿನ ಗಾಜು ತೆರವಾಗಿ, ಸಿಡಿಮದ್ದಿನ ಬಲಕ್ಕೆ ಸೀಟು ಹೊರಗೆ ಚಿಮ್ಮಿ, ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಎಲ್ಲ ಕೆಲವೇ ಸೆಕೆಂಡಿನಲ್ಲಿ. ಒಂದು ದಾರ ಸಿಕ್ಕಿಕೊಂಡರೂ ಮುಗಿಯಿತು. ಆ ಪ್ಯಾರಾಚೂಟನ್ನು ಉದ್ದನೆಯ ಮೇಜಿನ ಮೇಲೆ ಹರವಿ, ಮಡಿಕೆ ಮಡಿಕೆ ಜೋಡಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕುವವರು ನನ್ನಂಥ ಏರ್‌ಮನ್‌ಗಳು. ಮಾಡಿದ ಕೆಲಸ ಯಾವತ್ತೂ ಬಳಕೆಗೆ ಬಾರದೇ ಇರಲಿ ಅಂತ ದೇವರಿಗೆ ಕೈಮುಗಿಯುವ ಕಸುಬು ಅದು. ಅಂಥ ಸೆಕ್ಷನ್ನಿನ ಗೆಳೆಯರೊಂದಿಗೆ ಮೆಸ್ಸಿನಲ್ಲಿ ಚಪಾತಿ ತಿಂದಿದ್ದೇನೆ ಅನ್ನುವುದು ನನ್ನ ಹೆಮ್ಮೆ. ಮೈಕು ಕೊಡುವುದಾದರೆ ಅವರಿಗೆ ಕೊಡಿ.

ಅವ್ವನ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಟಿವಿಯಲ್ಲಿ ವಿಮಾನ ಬಿದ್ದ ಸುದ್ದಿ ಬಂದರೆ ಸಾಕು, ಫೋನ್ ಬರುತ್ತಿತ್ತು. "ನಾನು ನೆಲದ ಮೇಲೆ ಇರೋನು ಕಣವ್ವ" ಅಂತ ಸಮಾಧಾನ ಹೇಳುತ್ತಿದ್ದೆ. ಮೊರೆನಾ ಸುದ್ದಿಯ ದಿನ ಅವ್ವ ಅಂದದ್ದು, "ನಿಂಗೇನಾಗಿಲ್ಲ ಅಂತ ಗೊತ್ತು ಕಣ್ ಮಗ. ಆ ಹುಡುಗನ ಅವ್ವ ಹೆಂಗೆ ತಡ್ಕೊಂಡಾಳು ಅಂತ ಫೋನ್ ಮಾಡ್ದೆ." ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಯಾಕೆಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ನಗುತ್ತಾಳೆ. ಪೋಸ್ಟಿಂಗ್ ಬಂದಾಗಲೆಲ್ಲ ಸಾಮಾನು ಕಟ್ಟಿದ್ದು, ಮಕ್ಕಳಿಗೆ ಹೊಸ ಸ್ಕೂಲು ಹುಡುಕಿದ್ದು ಎಲ್ಲ ಅವಳೇ. ನಾನು ನೈಟ್ ಡ್ಯೂಟಿ ನೆಪದಲ್ಲಿ ತಪ್ಪಿಸಿಕೊಂಡೆ.

ಅಂದಹಾಗೆ, ಅಗ್ನಿವೀರ್ ವಾಯು ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ಸುತ್ತಮುತ್ತ ಇದ್ದರೆ ಸಂಜೆ ಮನೆ ಕಡೆ ಬನ್ನಿ. ಮ್ಯಾಥ್ಸ್, ಫಿಸಿಕ್ಸ್ ನಾನು ಹೇಳಿಕೊಡುತ್ತೇನೆ, ಫೀಸು ಬೇಡ. ಇಂಗ್ಲಿಷ್ ಮಾತ್ರ ನನ್ನ ಹೆಂಡತಿ ಹತ್ತಿರ, ಅವಳದ್ದು ನನಗಿಂತ ವಾಸಿ.