ಹಗ್ಗ ಹತ್ತುವ ಮಗಳಿಗೆ

ಮಗಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. "ಸರ್ಕಸ್ ಸ್ಕೂಲಿನ ವಾರ್ಷಿಕ ಶೋದಲ್ಲಿ ಗುಂಪಿನ ಜೊತೆ ಮಾತ್ರ ಇರ್ತೇನೆ, ಹಗ್ಗದ ಐಟಂ ತೆಗೆಸ್ತೇನೆ, ಇನ್ನೂ ರೆಡಿ ಇಲ್ಲ" ಅಂದೆ. ಅಮ್ಮ ಕೂಡಲೇ "ಒಳ್ಳೇದಾಯ್ತು" ಅಂದಳು. ನಾನು ಸಿಟ್ಟು ಬಂದು ಅಂಗಳಕ್ಕೆ ಹೋದೆ. ಆಮೇಲೆ ನಮ್ಮಿಬ್ಬರಿಗೂ ಜಗಳ ಆಯಿತು. ಮೇ ಕೊನೆಯ ಪತ್ತನಾಜೆ ಕಳೆದು ನಮ್ಮ ಯಕ್ಷಗಾನ ಮೇಳ ಈ ವರ್ಷದ ಗೆಜ್ಜೆ ಬಿಚ್ಚಿದೆ, ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಭುಜ ನೋಯುತ್ತಿದ್ದರೆ ಐಟಂ ತೆಗೆಸು, ಯೋಚನೆಯೇ ಬೇಡ. ಜನರ ಎದುರು ಮೈ ಬಿಸಿಯಾದಾಗ ನೋವು ಗೊತ್ತಾಗುವುದಿಲ್ಲ. ಬೆಳಗ್ಗೆ ಚೌಕಿಯಲ್ಲಿ ವೇಷ ಕಳಚುವಾಗ ಕಾಲೆತ್ತಲಾಗದೆ ಕೂತ, ರಾತ್ರಿಯಿಡೀ ಹಾರಿ ಕುಣಿದ ಪುಂಡುವೇಷದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಬರೀ ಭಯ ಅಂತಾದರೆ ತೆಗೆಸಬೇಡ.

ಮೇಳಕ್ಕೆ ಹೊಸ ಹುಡುಗ ಬಂದರೆ, ಎಲ್ಲ ಕಲಿತ ಮೇಲೆ ರಂಗಸ್ಥಳಕ್ಕೆ ಬಾ ಅಂತ ಯಾರೂ ಹೇಳುವುದಿಲ್ಲ. ಮೊದಲು ಆಟದ ಶುರುವಿನ ಕೋಡಂಗಿ ವೇಷ ಮಾಡಿಸುತ್ತಾರೆ. ಆಮೇಲೆ ಬಾಲಗೋಪಾಲ, ಆಮೇಲೆ ಒಂದೊಂದೇ ಸಣ್ಣ ವೇಷ. ಜನ ಆಗಿನ್ನೂ ಚರುಮುರಿ ಕಟ್ಟಿಸಿಕೊಂಡು ಬಂದು ಕೂರುತ್ತಿರುತ್ತಾರೆ. ತರಗತಿಯಲ್ಲಿ ಲೆಕ್ಕ ತಪ್ಪದೆ ಸುತ್ತಿ ಹಾರುವ ಧೀಂಗಿಣ ತೆಗೆಯುವ ಹುಡುಗ, ಚೆಂಡೆಯ ಪೆಟ್ಟು ಬಿದ್ದೊಡನೆ ಓಡಲು ಶುರು ಮಾಡುತ್ತಾನೆ. ಅರ್ಧದಲ್ಲೇ ಉಸಿರು ಮುಗಿಯುತ್ತದೆ. ಹಿಮ್ಮೇಳದಲ್ಲಿ ಚೆಂಡೆ, ಮದ್ದಳೆ ಹಿಡಿದು ಕೂತ ನಾವು ಅವನ ಕಾಲು ನೋಡಿಕೊಂಡು ಹೇಗೋ ದಾಟಿಸುತ್ತೇವೆ. ಒಂದು ವರ್ಷದ ತಿರುಗಾಟ ಕಳೆಯುವಷ್ಟರಲ್ಲಿ ಅವನೇ ಉಸಿರು ಉಳಿಸಿಕೊಳ್ಳುತ್ತಾನೆ, ಬೇಕಾದಾಗ ಹಾಡುವ ಭಾಗವತರ ಕಡೆ ಒಂದು ನೋಟ ಹಾಕುತ್ತಾನೆ. ಇದನ್ನು ತರಗತಿಯಲ್ಲಿ ಕಲಿತವನನ್ನು ನಾನು ಕಂಡಿಲ್ಲ.

ನಿನ್ನ ಹಗ್ಗಕ್ಕೂ ಹಾಗೇ ಅಲ್ವಾ? ಜಿಮ್ಮಿನಲ್ಲಿ ತಪ್ಪಿದರೆ ಇಳಿದು ಮತ್ತೆ ಶುರು ಮಾಡುತ್ತೀ. ಶೋದಲ್ಲಿ ತಪ್ಪಿದ ಜಾಗದಿಂದಲೇ ಮುಂದಿನ ದಾರಿ ಹುಡುಕಬೇಕು. ದೀಪದ ಬಿಸಿಗೆ ಅಂಗೈ ಬೆವರುತ್ತದೆ. ರಾಳದ ಪುಡಿ ಎಷ್ಟು ಬೇಕು ಅಂತ ಅಲ್ಲೇ ತಿಳಿಯಬೇಕು. ಎರಡನೇ ದಿನ ಇನ್ನೂ ಕಷ್ಟ, ಮೊದಲ ದಿನದ ಆವೇಶ ಇಳಿದಿರುತ್ತದೆ. ನಿಮ್ಮ ನ್ಯಾಷನಲ್ ಸರ್ಕಸ್ ಸ್ಕೂಲು 1981ರಲ್ಲಿ ಶುರುವಾದದ್ದು ಅಂತ ನೀನೇ ಹೇಳಿದ್ದೆ. ಪಕ್ಕದಲ್ಲೇ 2004ರಲ್ಲಿ ಟೋಹು ಅನ್ನುವ ಸರ್ಕಸ್ ರಂಗಮಂದಿರ ಬಂತು. ಅದನ್ನು ಕಟ್ಟಲು ಹೊರಟವರಲ್ಲಿ ನಿಮ್ಮ ಸ್ಕೂಲೂ ಇತ್ತಲ್ಲ. ಕಲಿಯುವ ಜಾಗದ ಮಗ್ಗುಲಲ್ಲೇ ಜನ ಟಿಕೆಟ್ ಕೊಂಡು ಕೂರುವ ದುಂಡು ಸಭಾಂಗಣ ಸುಮ್ನೆ ಕಟ್ಟುತ್ತಾರಾ?

ನಿನ್ನ ಏಳನೇ ಕ್ಲಾಸಿನ ಸ್ಕೂಲ್ ಡೇ ಪದೇಪದೇ ನೆನಪಾಗುತ್ತಿದೆ. ಹಗ್ಗದ ಮಲ್ಲಕಂಬ. ಸಂಜೆಯ ಇಬ್ಬನಿಗೆ ಹತ್ತಿಹಗ್ಗ ಒದ್ದೆಯಾಗಿತ್ತು. ನೀನು ಮೇಲಿದ್ದೆ, ಕಾಲ್ಬೆರಳ ಹಿಡಿತ ತಪ್ಪಿತು, ಸರ್ರನೆ ಜಾರಿ ಅರ್ಧದಲ್ಲಿ ನಿಂತೆ. ನಾನು ಎದ್ದು ನಿಂತಿದ್ದೆ. ನೀನು ಒಂದು ಕಾಲನ್ನು ಇನ್ನೊಂದರ ಮೀನಖಂಡಕ್ಕೆ ಒರೆಸಿ ಮತ್ತೆ ಹತ್ತಿದೆ. ಜಾರಿದ್ದಕ್ಕೂ ಹತ್ತಿದ್ದಕ್ಕೂ ನಡುವೆ ಸ್ವಲ್ಪ ಹೊತ್ತು ಸುಮ್ಮನೆ ನೇತಾಡುತ್ತಿದ್ದೆಯಲ್ಲ, ಆಗ ಏನು ಯೋಚಿಸುತ್ತಿದ್ದೆ? ನಾನು ಕೇಳಲೇ ಇಲ್ಲ. ಮದ್ದಳೆ ನುಡಿಸುವಾಗಲೂ ಅದು ಕಣ್ಣ ಮುಂದೆ ಬರುತ್ತದೆ. ಕೆಲವು ಸಲ ನೀನು ಹತ್ತುತ್ತೀ. ಕೆಲವು ಸಲ ಹಗ್ಗ ಮಾತ್ರ ಕಾಣುತ್ತದೆ, ಆಗ ನನ್ನ ಕೈ ನಿಲ್ಲುತ್ತದೆ. ಆ ಹೊತ್ತಿನಲ್ಲಿ ನಿನ್ನನ್ನು ಇಳಿಸಿಕೊಂಡು ಮನೆಗೆ ಕರೆದುಕೊಂಡು ಬಂದಿದ್ದರೆ ನೀನು ಇವತ್ತು ಮಾಂಟ್ರಿಯಲ್‌ನಲ್ಲಿ ಇರುತ್ತಿರಲಿಲ್ಲ. ಇಳಿಸಿಕೊಳ್ಳಬೇಕು ಅಂತ ಎಷ್ಟು ಅನ್ನಿಸಿತ್ತು ಅಂತ ಅಮ್ಮನಿಗೂ ಹೇಳಿಲ್ಲ.

ಅದೊಂದು ಕಾರ್ಯಕ್ರಮಕ್ಕೆ ಮೇಳದಿಂದ ರಜೆ ಹಾಕಿ ಬಂದಿದ್ದೆ. ಉಳಿದ ಎಷ್ಟಕ್ಕೋ ಬರಲಿಲ್ಲ. ದೀಪಾವಳಿಯಿಂದ ಪತ್ತನಾಜೆವರೆಗೆ ಅಪ್ಪ ಇಲ್ಲದ ಮನೆಯಲ್ಲೇ ಬೆಳೆದೆ. ಈ ಸಲ ಮೇಳ ಮುಗಿದಿದೆ, ಆದರೂ ಬರಲಾಗುತ್ತಿಲ್ಲ. ಟಿಕೆಟ್ ದುಡ್ಡು ಹೊಂದಿಸಲು ಆಗಲಿಲ್ಲ. ಕ್ಷಮಿಸು ಮಗಾ. ಮೇಳದಲ್ಲಿ ಎಲ್ಲರಿಗೂ ನಿನ್ನ ಫೋಟೊ ತೋರಿಸಿದ್ದೇನೆ, ಭಾಗವತರಿಗೆ ಎರಡು ಸಲ.

ಹಗ್ಗ ಕಟ್ಟುವವರು ನೋಡಿದ ಮೇಲೂ ಮೇಲಿನ ಕೊಕ್ಕೆಯನ್ನು ನೀನೇ ಒಮ್ಮೆ ನೋಡು. ಊಟ ಬೇಗ ಮುಗಿಸು. ಬೆಳಕು ಎಲ್ಲಿಂದ ಕಣ್ಣಿಗೆ ಹೊಡೆಯುತ್ತದೆ ಅಂತ ಮೊದಲೇ ತಿಳಿದುಕೋ. ಸಂಗೀತ ಮುಂದೆ ಓಡಿದರೆ ಅದರ ಹಿಂದೆ ಓಡಬೇಡ, ಉಸಿರು ತೆಗೆದುಕೋ. ಒಂದು ಪಟ್ಟು ಕೈಕೊಟ್ಟರೆ ಬಿಟ್ಟುಬಿಡು, ಮುಂದಿನದಕ್ಕೆ ಹೋಗು. ಅದನ್ನೇ ಮತ್ತೆ ಮಾಡಿ ತೋರಿಸಬೇಕು ಅನ್ನುವ ಹಟ ನಿನಗೆ ಜಾಸ್ತಿ. ಕೈ ಸೋತಾಗ ಆ ಹಟ ಬೇಡ. ಟೀಚರಿಗೆ ಭಯ ಇದೆ ಅಂತ ಬಾಯಿಬಿಟ್ಟು ಹೇಳು, ಅವರು ಎಷ್ಟೋ ಮಕ್ಕಳನ್ನು ನೋಡಿದವರು.

ಐಟಂ ಇಟ್ಟುಕೊಂಡರೆ ಅಮ್ಮನಿಗೆ ನೀನೇ ಹೇಳು, ನಾನು ಹೇಳಿದರೆ ಮತ್ತೆ ಜಗಳ. ಭುಜದ ವಿಷಯ ಮಾತ್ರ ಇವತ್ತೇ ನನಗೆ ಮೆಸೇಜ್ ಹಾಕು, ನಿಜ ಹೇಳು.

ನಿನ್ನ ಅಪ್ಪ