ನಮ್ಮ ಊರಿನ ಕುರಿತು ಬರೆಯುವ ಹಕ್ಕು: ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ವಿದೇಶಿ ಸಂಶೋಧಕರು ನಮ್ಮ ಹಳ್ಳಿಗಳ ಬಗ್ಗೆ ಬರೆದರೆಂದು ತಿಳಿದಾಗಲೆಲ್ಲ, ‘ನಮ್ಮ ವಿಷಯ ಹೇಳಲು ಇವರು ಯಾರು?’ ಎಂಬ ಮಾತೂ ಅಂಥವರನ್ನು ತಡೆಯಬೇಕೆಂಬ ಬೇಡಿಕೆಯೂ ಜಿಲ್ಲೆಯ ಸಭೆಗಳಲ್ಲಿ ಕೇಳಿಬರುತ್ತವೆ. ಆ ಮಾತಿನ ಹಿಂದಿರುವ ನೋವು ಸುಳ್ಳಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿದ್ದ ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಸೀಮೆಯ ಬೆಳೆ, ಕಸುಬು, ವ್ಯಾಪಾರಗಳನ್ನೆಲ್ಲ ಬರೆದುಕೊಂಡು ಹೋದದ್ದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ. ಗೆದ್ದವರಿಗೆ ಗೆದ್ದ ನೆಲದ ಲೆಕ್ಕ ಬೇಕಿತ್ತು.

ಆದರೂ ಹೊರಗಿನವರೆಲ್ಲರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡ್ ಸೇರಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್, 1954ರಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳ ಅಧ್ಯಯನಕ್ಕೆ ಬಂದರು. ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಿತ್ತು, ಇನ್ನೊಂದು ಮಳೆಯನ್ನೇ ನಂಬಿತ್ತು. ನೀರು ಕಂಡ ಊರಿನಲ್ಲಿ ಕಬ್ಬು ಬೆಳೆದು ಕೈಯಲ್ಲಿ ಕಾಸು ಆಡಿದರೂ ಒಡೆಯ ಮತ್ತು ಆಳಿನ ಹಳೆಯ ನಡವಳಿಕೆ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು. ನೀರಿಲ್ಲದ ಊರಿನವರು ಮಂಡ್ಯದ ಕೆಲಸಕ್ಕೆ, ವ್ಯಾಪಾರಕ್ಕೆ, ಬೇರೆ ಊರಿನ ಗದ್ದೆಗಳಿಗೆ ಹೊರಟಿದ್ದರಿಂದ ಅಲ್ಲಿಯ ಬದುಕೇ ಹೆಚ್ಚು ಬದಲಾಗಿತ್ತು. ನೀರು ಬಂದರೆ ಎಲ್ಲವೂ ಬದಲಾಗುತ್ತದೆ ಎಂಬ ನಂಬಿಕೆಯಲ್ಲೇ ನಾಲೆ ಬಯಲಿನಲ್ಲಿ ಬೆಳೆದ ನನಗೆ, ನನ್ನ ಕಣ್ಣೆದುರೇ ಇದ್ದುದನ್ನು ತೋರಿಸಿಕೊಟ್ಟವರು ಅವರು. 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿ ಬಂದು, ಆದ ಬದಲಾವಣೆಗಳನ್ನು ಮತ್ತೆ ದಾಖಲಿಸಿದರು ಎಂಬುದು ಅವರ ಮೇಲಿನ ನನ್ನ ಗೌರವವನ್ನು ಹೆಚ್ಚಿಸಿದೆ.

ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಅಧ್ಯಯನಕ್ಕೆಂದು ನಮ್ಮ ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿದಾಗ, ಒಕ್ಕಲಿಗರು ಹೆಚ್ಚಾಗಿದ್ದ ಆ ಊರಿಗೆ ಅವರು ಪಟ್ಟಣದಿಂದ ಬಂದ ಬ್ರಾಹ್ಮಣರೇ ಆಗಿದ್ದರು. ಹೊರಗಿನವರೆಂದರೆ ಕಡಲಾಚೆಯವರು ಮಾತ್ರ ಎನ್ನುವುದಾದರೆ ಅವರನ್ನು ಎಲ್ಲಿ ನಿಲ್ಲಿಸುವುದು? ನಮ್ಮವರೂ ಅಮೆರಿಕ, ಜಪಾನು ಸುತ್ತಿ ಬಂದು ಪ್ರವಾಸ ಕಥನ ಬರೆಯುತ್ತಾರೆ, ನಾವು ಆಸೆಯಿಂದ ಓದುತ್ತೇವೆ. ಆ ದೇಶಗಳ ಅನುಮತಿಯನ್ನು ಯಾರೂ ಕೇಳಿಲ್ಲ.

ನನ್ನ ತಕರಾರು ಬೇರೆಯದು. ಯಾರ ಮನೆಯ ಜಗಲಿಯಲ್ಲಿ ಕುಳಿತು, ಸಾಲ, ಕೂಲಿ, ಮದುವೆಯ ಖರ್ಚುಗಳನ್ನು ಕೇಳಿ ಬರೆದುಕೊಳ್ಳಲಾಯಿತೋ, ಅವರ ಮೊಮ್ಮಕ್ಕಳು ಆ ಬರಹವನ್ನು ಓದಿ ‘ಇದು ಸರಿ, ಇದು ತಪ್ಪು’ ಎನ್ನುವಂತಾಗಬೇಕು. ನಮ್ಮ ಹೋಬಳಿಯ ಗ್ರಂಥಾಲಯದಲ್ಲಿ ನಾನು ಹುಡುಕಿದಾಗ ಈ ಅಧ್ಯಯನಗಳಲ್ಲಿ ಒಂದೂ ಸಿಗಲಿಲ್ಲ.

ಆದ್ದರಿಂದ, ಹೊರಗಿನ ಸಂಶೋಧಕರನ್ನು ತಡೆಯುವ ಬೇಡಿಕೆಗೆ ತಾವು ಮಣಿಯಬಾರದೆಂದು ಕೋರುತ್ತೇನೆ. ಬದಲಿಗೆ, ಜಿಲ್ಲೆಯಲ್ಲಿ ಅಧ್ಯಯನ ನಡೆಸುವವರು, ದೇಶದವರಾಗಲಿ ವಿದೇಶದವರಾಗಲಿ, ಬರಹದ ಒಂದು ಪ್ರತಿಯನ್ನೂ ಕನ್ನಡದ ಸಾರಾಂಶವನ್ನೂ ಆಯಾ ಗ್ರಾಮ ಪಂಚಾಯಿತಿಗೆ ಒಪ್ಪಿಸುವಂತೆಯೂ, ಅದನ್ನು ಗ್ರಾಮಸಭೆಯಲ್ಲಿ ಓದಿ, ಊರವರ ಮಾತನ್ನು ದಾಖಲಿಸುವಂತೆಯೂ ವ್ಯವಸ್ಥೆ ಮಾಡಿಸಿ. ನಾಲೆ ಬಯಲಿನ ಯಾವುದೇ ಊರಿನಲ್ಲಿ ಇದನ್ನು ಆರಂಭಿಸಿದರೂ ಎಪ್‌ಸ್ಟೈನ್ ಅವರ ಅಧ್ಯಯನದ ಸಾರಾಂಶವನ್ನು ಕನ್ನಡದಲ್ಲಿ ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ, ಮಂಡ್ಯ